ಚಾರ್ಮಾಡಿ ಘಟ್ಟವೂ ಮನೆಯ ಮೋಟಾರೂ

ಮಲೆನಾಡಿನ ಎತ್ತರದಿಂದ ಕರಾವಳಿಯ ತಗ್ಗಿಗೆ ಇಳಿಯುವ ಮಾರ್ಗಗಳು ನಮ್ಮ ನಾಡಿನಲ್ಲಿ ಹಲವುಂಟು. ಆಗುಂಬೆ, ಹುಲಿಕಲ್ಲು, ಶಿರಾಡಿ, ಬಿಸಲೆ, ಸಂಪಾಜೆ ಎಂಬ ಒಂದೊಂದು ಘಟ್ಟಕ್ಕೂ ತನ್ನದೇ ಆದ ಸೊಬಗಿದೆ, ತನ್ನದೇ ಆದ ಭಯವೂ ಇದೆ. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದಿಂದ ದಕ್ಷಿಣ ಕನ್ನಡ ಜಿಲ್ಲೆಯ ಚಾರ್ಮಾಡಿ ಗ್ರಾಮಕ್ಕೆ ಇಳಿಯುವ ಚಾರ್ಮಾಡಿ ಘಟ್ಟವು ಇವುಗಳಲ್ಲಿ ಒಂದು. ಮಂಗಳೂರಿನಿಂದ ತುಮಕೂರಿಗೆ ಬರುವ 73ನೆಯ ರಾಷ್ಟ್ರೀಯ ಹೆದ್ದಾರಿಯು ಈ ಘಟ್ಟವನ್ನು ಏರಿಯೇ ಮೇಲಿನ ಸೀಮೆಯನ್ನು ಸೇರಬೇಕು. ಧರ್ಮಸ್ಥಳದ ಯಾತ್ರೆಗೆ ಹೊರಟ ಬಯಲುಸೀಮೆಯ ಸಂಸಾರಗಳು, ಮಂಗಳೂರಿನ ಆಸ್ಪತ್ರೆಗಳಿಗೂ ಕಾಲೇಜುಗಳಿಗೂ ಹೋಗತಕ್ಕ ಮಲೆನಾಡಿಗರು, ರಜೆಯಲ್ಲಿ ಸಮುದ್ರವನ್ನು ನೋಡಬಯಸುವ ಮಕ್ಕಳು, ಹೀಗೆ ನಾನಾ ಬಗೆಯ ಜನರು ಈ ಮಾರ್ಗದಲ್ಲಿ ಸಂಚರಿಸುವರು.

ಈ ಘಟ್ಟದ ಚೆಲುವನ್ನು ವಾಚಕರ ಮುಂದಿಡಬೇಕೆಂಬುದು ನನ್ನ ಉದ್ದೇಶಗಳಲ್ಲೊಂದು. ಅದಕ್ಕಿಂತ ಮುಖ್ಯವಾದುದು ಮತ್ತೊಂದುಂಟು. ಒಂದು ಸಂಸಾರವು ತನ್ನ ಮೋಟಾರನ್ನು ವರ್ಷವಿಡೀ ಹೇಗೆ ನೋಡಿಕೊಂಡಿದೆಯೆಂಬುದನ್ನು ಈ ಇಳಿಜಾರು ಅರ್ಧ ಮುಕ್ಕಾಲು ಗಂಟೆಯೊಳಗೆ ಪರೀಕ್ಷೆ ಮಾಡಿಬಿಡುತ್ತದೆ. ಆ ಪರೀಕ್ಷೆಯ ಸಮಯದಲ್ಲಿ ಹಿಂದಿನ ಆಸನದಲ್ಲಿ ಕುಳಿತಿರುವವರು ನಮ್ಮ ಮಕ್ಕಳು. ಕಾರನ್ನು ಕೊಂಡವರು ಅವರಲ್ಲ. ಹೊರಡುವ ದಿನವನ್ನು ಗೊತ್ತುಮಾಡಿದವರು ಅವರಲ್ಲ. ಟೈರು ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ ಎಂದು ವಿಚಾರಿಸುವ ತಿಳಿವಳಿಕೆಯೂ ಅವರಿಗಿಲ್ಲ. ಅಪ್ಪ ಅಮ್ಮ ಕರೆದರು, ಹತ್ತಿ ಕುಳಿತರು. ಈ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುವುದು ಹೇಗೆಂಬುದೇ ಈ ಪ್ರವಾಸ ಲೇಖನದ ವಿಷಯ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಎಚ್ಚರಿಕೆಯುಳ್ಳವರಾಗಿದ್ದರು. ಜಾತ್ರೆಗೆ ಗಾಡಿ ಕಟ್ಟುವುದಕ್ಕೆ ಮುಂಚೆ ಮನೆಯ ಯಜಮಾನನು ಅಚ್ಚಿಗೆ ಕೀಲೆಣ್ಣೆಯನ್ನು ಹಾಕುತ್ತಿದ್ದನು. ಕಡಾಣಿ ಗಟ್ಟಿಯಾಗಿದೆಯೇ ಎಂದು ಕೈಯಿಂದ ಅಲುಗಿಸಿ ನೋಡುತ್ತಿದ್ದನು. ಎತ್ತುಗಳ ಲಾಳವನ್ನು ಪರೀಕ್ಷಿಸುತ್ತಿದ್ದನು. ಅದಾದಮೇಲೆಯೇ ಹೆಂಗಸರೂ ಮಕ್ಕಳೂ ಗಾಡಿಯನ್ನೇರುತ್ತಿದ್ದುದು. ಗಂಟೆಗೆ ಒಂದು ಹರದಾರಿ ನಡೆಯುವ ವಾಹನಕ್ಕೆ ಇಷ್ಟು ಜಾಗರೂಕತೆಯಿದ್ದಮೇಲೆ, ಗಂಟೆಗೆ 80 ಕಿಲೋಮೀಟರು ಓಡತಕ್ಕ ವಾಹನಕ್ಕೆ ಎಷ್ಟಿರಬೇಕು?

ದಸರೆಯ ರಜೆಯ ಕೊನೆಯ ವಾರದಲ್ಲಿ ನಾವು ಐವರು, ಎಂದರೆ ನಾನು, ನನ್ನ ಮನೆಯವರು, ಮಕ್ಕಳಿಬ್ಬರು ಮತ್ತು ನಮ್ಮ ತಾಯಿಯವರು, ಬೆಂಗಳೂರಿನಿಂದ ಮುಂಜಾನೆಯೇ ಹೊರಟೆವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣಗಳ ಮೇಲೆ ಹಾಸನಕ್ಕೆ ಸುಮಾರು 185 ಕಿಲೋಮೀಟರು. ಹೆದ್ದಾರಿಯು ಅಗಲವಾಗಿದೆ, ನೇರವಾಗಿದೆ. ಎಡಬಲಗಳಲ್ಲಿ ತೆಂಗಿನ ತೋಟಗಳು, ರಾಗಿಯ ಹೊಲಗಳು, ಮಳೆ ಚೆನ್ನಾಗಿ ಬಿದ್ದ ವರ್ಷವಾದರೆ ತುಂಬಿದ ಕೆರೆಗಳು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತವೆ. ಇಂತಹ ಮಾರ್ಗದಲ್ಲಿ ಅಪಾಯದ ಯೋಚನೆಯೇ ಮನಸ್ಸಿಗೆ ಬಾರದು. ಆದರೆ ನೇರವಾದ ಹೆದ್ದಾರಿಯಲ್ಲಿ ಪರೀಕ್ಷೆಗೆ ಗುರಿಯಾಗುವ ಅಂಗವೊಂದುಂಟು, ಅದು ಟೈರು.

ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಜಾಗವು ಒಂದೊಂದಕ್ಕೆ ಅಂಗೈಯಗಲಕ್ಕಿಂತ ಬಹಳ ಹೆಚ್ಚಿಲ್ಲ. ಇಡೀ ಸಂಸಾರದ ಭಾರವೂ ವೇಗವೂ ಆ ನಾಲ್ಕು ಅಂಗೈಗಳ ಹಿಡಿತದಲ್ಲಿರುತ್ತವೆ. ಗಾಳಿ ಕಡಮೆಯಾದ ಟೈರು ಉರುಳುವಾಗಲೆಲ್ಲ ಮಡಿಚಿ ಮಡಿಚಿ ಒಳಗೊಳಗೇ ಕಾಯುತ್ತದೆ. ಬಿಸಿಲಿನಲ್ಲಿ, ತುಂಬಿದ ಭಾರದಲ್ಲಿ, ಬಹಳ ಹೊತ್ತಿನ ವೇಗದಲ್ಲಿ ಆ ಶಾಖವು ಮಿತಿಮೀರಿ ಟೈರು ಸಿಡಿಯುವುದುಂಟು. ಎಷ್ಟು ಗಾಳಿಯಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿಯೇ ಮುದ್ರಿಸಿರುತ್ತಾರೆ. ಒಬ್ಬರಿಬ್ಬರು ಕುಳಿತಾಗ ಎಷ್ಟು, ಮನೆಮಂದಿಯೆಲ್ಲ ಸಾಮಾನಿನೊಡನೆ ಹೊರಟಾಗ ಎಷ್ಟು ಎಂದು ಎರಡು ಲೆಕ್ಕವನ್ನು ಕೊಟ್ಟಿರುವುದೂ ಉಂಟು. ಇದನ್ನು ಟೈರು ತಣ್ಣಗಿರುವಾಗಲೇ, ಎಂದರೆ ಹೊರಡುವ ಮೊದಲೇ, ನೋಡತಕ್ಕದ್ದು.

ಟೈರಿನ ಮೈಮೇಲಿನ ಗೀರುಗಳು ಅಲಂಕಾರಕ್ಕೆಂದು ಮಾಡಿದವಲ್ಲ. ಒದ್ದೆ ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ದೂಡಿ ರಬ್ಬರು ನೆಲವನ್ನು ಕಚ್ಚುವಂತೆ ಮಾಡುವುದು ಅವುಗಳ ಕೆಲಸ. ಗೀರು ಸವೆದುಹೋದಾಗ ಚಕ್ರವು ನೆಲವನ್ನು ಬಿಟ್ಟು ನೀರಿನ ಮೇಲೆಯೇ ತೇಲಿದಂತೆ ಜಾರುತ್ತದೆ. ಗೀರಿನ ಆಳವು 1.6 ಮಿಲಿಮೀಟರಿಗೆ ಇಳಿಯಿತೆಂದರೆ ಟೈರಿನ ಆಯುಸ್ಸು ತೀರಿತೆಂದು ತಿಳಿಯಬೇಕು. ಅದನ್ನು ತೋರಿಸುವುದಕ್ಕಾಗಿಯೇ ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳನ್ನು ಇಟ್ಟಿರುತ್ತಾರೆ. ಮೈಯು ಆ ದಿಣ್ಣೆಗಳಿಗೆ ಸಮವಾದರೆ ಹೊಸ ಟೈರನ್ನು ಕೊಳ್ಳಲೇಬೇಕು. ಇನ್ನು ಡಿಕ್ಕಿಯೊಳಗೆ ಮರೆಯಾಗಿ ಮಲಗಿರುವ ಸ್ಟೆಪ್ನಿಯನ್ನು ಅನೇಕರು ವರ್ಷಗಟ್ಟಲೆ ನೋಡುವುದೇ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೇಲ್ಸ್ ದೇಶದ ಒಂದೂರಿನ ಸ್ಟೆಪ್ನಿ ಬೀದಿಯಲ್ಲಿ ಮೊದಲು ತಯಾರಾದ ಈ ಮೀಸಲು ಚಕ್ರದ ಹೆಸರು ಅಲ್ಲಿಯವರಿಗೆ ಬಹುಮಟ್ಟಿಗೆ ಮರೆತುಹೋಗಿದ್ದರೂ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಬದುಕಿದೆ. ಹೆಸರು ಬದುಕಿದ್ದರೆ ಸಾಲದು, ಅದರೊಳಗೆ ಗಾಳಿಯೂ ಇರಬೇಕು.

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರು. ಯಗಚಿಯ ದಡದ ಈ ಊರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯವನ್ನು ಹೊಸದಾಗಿ ಬಣ್ಣಿಸಬೇಕಾದುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದುವು. ಮಕ್ಕಳು ಮದನಿಕೆಯರನ್ನು ಎಣಿಸುತ್ತಿದ್ದಾಗ ನಾನು ಯೋಚಿಸುತ್ತಿದ್ದುದು ಬೇರೆ ವಿಷಯವನ್ನು. ಕಟ್ಟಿದವರ ಪ್ರತಿಭೆಯೊಂದರಿಂದಲೇ ಈ ಕಲ್ಲು ಒಂಬತ್ತು ನೂರು ವರ್ಷ ನಿಂತಿತೇ? ಸೋರುವ ಕಡೆ ತೇಪೆಹಾಕಿ, ಬಿರುಕುಬಿಟ್ಟಲ್ಲಿ ಆಧಾರಕೊಟ್ಟು, ಬೇರೂರಿದ ಗಿಡವನ್ನು ಕಿತ್ತುಹಾಕಿ, ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡವರೂ ಇದ್ದಿರಲೇಬೇಕು. ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲುಂಟು. ಕಾಪಾಡಿದವರ ಹೆಸರುಗಳು ಬಹುಮಟ್ಟಿಗೆ ಎಲ್ಲಿಯೂ ಇಲ್ಲ. ಮನೆಯಲ್ಲಿಯೂ ಹಾಗೆಯೇ. ಕಾರು ಕೊಂಡ ದಿನದ ಭಾವಚಿತ್ರವು ಗೋಡೆಯ ಮೇಲಿರುತ್ತದೆ; ಕಾಲಕಾಲಕ್ಕೆ ಎಣ್ಣೆ ಬದಲಾಯಿಸಿದ ದಿನವನ್ನು ಯಾರೂ ಚಿತ್ರ ತೆಗೆಯಿಸುವುದಿಲ್ಲ.

ಆ ರಾತ್ರಿ ಬೇಲೂರಿನಲ್ಲಿಯೇ ತಂಗಿದೆವು. ಘಟ್ಟವನ್ನು ಹಗಲಿನಲ್ಲಿ, ದಣಿವಾರಿದ ಮೇಲೆ ಇಳಿಯಬೇಕೆಂಬುದು ನಮ್ಮ ಮನೆಯ ನಿಯಮ. ಬೆಳಗ್ಗೆ ಎಂಜಿನು ತಣ್ಣಗಿರುವಾಗಲೇ ಬಾನೆಟ್ಟನ್ನೆತ್ತಿ ಎಣ್ಣೆಯ ಕಡ್ಡಿಯನ್ನು ಒರಸಿ ಅದ್ದಿ ನೋಡಿದುದು ನನ್ನ ಮಗಳು. ಕೂಲೆಂಟಿನ ಮಟ್ಟವು ಎರಡು ಗೆರೆಗಳ ನಡುವೆ ಇದೆಯೆಂದು ವರದಿ ಮಾಡಿದವನು ಮಗ. ಎಂಜಿನು ಕಾದಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಕೂಡದೆಂಬುದನ್ನು ಮಾತ್ರ ಅವರಿಬ್ಬರಿಗೂ ಬಿಡಿಸಿ ಹೇಳಿದ್ದೇನೆ. ಒಳಗಿನ ನೀರು ಒತ್ತಡದಲ್ಲಿರುವುದರಿಂದ ತೆರೆದೊಡನೆ ಕುದಿಯುತ್ತ ಮುಖಕ್ಕೆ ಹಾರುತ್ತದೆ.

ಬೇಲೂರನ್ನು ದಾಟಿ ಮೂಡಿಗೆರೆಯ ಕಡೆಗೆ ತಿರುಗಿದೊಡನೆ ನಾಡಿನ ಚಹರೆಯೇ ಬದಲಾಗುತ್ತದೆ. ಬಯಲು ಹಿಂದೆ ಸರಿದು, ಬೆಳ್ಳಿ ಓಕಿನ ಮರಗಳ ನೆರಳಿನಲ್ಲಿ ಕಾಫಿಯ ತೋಟಗಳು ಎರಡು ಪಕ್ಕಗಳಲ್ಲಿಯೂ ಹಬ್ಬಿಕೊಳ್ಳುತ್ತವೆ. ಮರಮರಕ್ಕೂ ಮೆಣಸಿನ ಬಳ್ಳಿ ಸುತ್ತಿಕೊಂಡಿರುತ್ತದೆ. ಹೇಮಾವತಿಯು ಹುಟ್ಟುವುದು ಇದೇ ತಾಲ್ಲೂಕಿನಲ್ಲಿ. ಮಣ್ಣಿನ ವಾಸನೆ, ಕಾಫಿಯ ವಾಸನೆ, ಒದ್ದೆ ಎಲೆಗಳ ವಾಸನೆ ಒಂದುಗೂಡಿ ಕಿಟಕಿಯೊಳಗೆ ಬರುತ್ತವೆ. ತೇಜಸ್ವಿಯವರ ‘ಕರ್ವಾಲೊ’ವನ್ನು ಓದಿದವರಿಗೆ ಈ ಸೀಮೆಯು ಮೊದಲ ಸಲ ಕಂಡರೂ ಪರಿಚಿತವೆಂದೇ ತೋರುತ್ತದೆ.

ಮೂಡಿಗೆರೆಯಿಂದ ಮುಂದೆ ಮಳೆ ಹಿಡಿಯಿತು. ಮಲೆನಾಡಿನ ಮಳೆಯು ಬಯಲುಸೀಮೆಯ ಮಳೆಯಂತೆ ಬಂದು ಹೋಗುವ ಅತಿಥಿಯಲ್ಲ. ಬಂದರೆ ಮನೆಯವನಂತೆ ಕೂತುಬಿಡುತ್ತದೆ. ಈಗ ಪರೀಕ್ಷೆಗೆ ನಿಂತುದು ವೈಪರು. ಬೆಂಗಳೂರಿನ ಬಿಸಿಲಿನಲ್ಲಿ ಆರು ತಿಂಗಳು ಒಣಗಿದ ವೈಪರಿನ ರಬ್ಬರು ಮೆತ್ತಗಿರುವ ಬದಲು ಒಣಗಿದ ತೊಗಲಿನಂತಾಗಿ, ನೀರನ್ನು ಒರಸುವುದರ ಬದಲು ಗಾಜಿನ ಮೇಲೆ ಬಳಿಯುತ್ತದೆ. ಎದುರಿನ ವಾಹನದ ದೀಪವು ಆ ಬಳಿದ ನೀರಿನಲ್ಲಿ ಒಡೆದು ನೂರಾಗಿ, ಚಾಲಕನಿಗೆ ಒಂದು ಕ್ಷಣ ಏನೂ ಕಾಣದು. ಒಂದು ಜೊತೆ ವೈಪರಿನ ಬೆಲೆಯು ಸಂಸಾರವೊಂದು ಹೋಟೆಲಿನಲ್ಲಿ ಒಂದು ಹೊತ್ತು ಊಟ ಮಾಡುವ ಖರ್ಚಿಗಿಂತ ಹೆಚ್ಚಾಗಲಾರದು.

ಕೊಟ್ಟಿಗೆಹಾರವು ಘಟ್ಟದ ತಲೆಬಾಗಿಲು. ಇಲ್ಲಿಯ ನೀರುದೋಸೆಗೆ ಹೆಸರಿದೆ. ಇಳಿಯುವವರೂ ಏರಿಬಂದವರೂ ಒಂದು ಗಳಿಗೆ ನಿಂತು, ಬಿಸಿಬಿಸಿ ದೋಸೆಯನ್ನೂ ಕಾಫಿಯನ್ನೂ ತೆಗೆದುಕೊಂಡು, ಘಟ್ಟದ ಸಮಾಚಾರವನ್ನು ವಿಚಾರಿಸಿಕೊಂಡು ಮುಂದೆ ಹೋಗುವುದು ವಾಡಿಕೆ. ಈ ವಿಚಾರಣೆಯು ಕೇವಲ ಉಪಚಾರವಲ್ಲ. 2019ರ ಆಗಸ್ಟಿನಲ್ಲಿ ಬಿದ್ದ ಭಾರಿ ಮಳೆಗೆ ಇಲ್ಲಿ ಅಲ್ಲಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿತ್ತು. ಮಳೆಗಾಲದಲ್ಲಿ ಹೊರಡುವವರು ಮಾರ್ಗವು ತೆರೆದಿದೆಯೇ, ಯಾವ ನಿರ್ಬಂಧಗಳಿವೆ ಎಂಬುದನ್ನು ತಿಳಿದುಕೊಂಡೇ ಹೊರಡುವುದು ಮೇಲು.

ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಸುಮಾರು 25 ಕಿಲೋಮೀಟರು. ಮೊದಮೊದಲು ಹುಲ್ಲುಗಾವಲಿನ ಗುಡ್ಡಗಳು ಮಂಜಿನಲ್ಲಿ ಕಾಣಿಸಿಕೊಂಡು ಮರೆಯಾಗುತ್ತಿರುತ್ತವೆ. ಆಮೇಲೆ ರಸ್ತೆಯು ಬಂಡೆಯ ಪಕ್ಕೆಯನ್ನು ತಬ್ಬಿಕೊಂಡು ಬಾಗತೊಡಗುತ್ತದೆ. ಒಂದು ಕಡೆ ಕಡಿದಾದ ಗೋಡೆ, ಅದರಿಂದ ಧುಮುಕುವ ಎಳೆಎಳೆಯಾದ ಜಲಪಾತಗಳು. ಇನ್ನೊಂದು ಕಡೆ ಕಣಿವೆ, ಅದರ ಆಳವನ್ನು ತುಂಬಿದ ಹಸುರು, ಹಸುರಿನ ಮೇಲೆ ತೇಲುವ ಬಿಳಿಯ ಮೋಡ. ನಮ್ಮ ತಾಯಿಯವರು ಕಿಟಕಿಯ ಪಕ್ಕದಲ್ಲಿ ಕೈಮುಗಿದು ಕುಳಿತುಬಿಟ್ಟರು. ಮಂಜಿನಲ್ಲಿ ದೀಪವನ್ನು ಮೇಲಕ್ಕೆ ಚೆಲ್ಲಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಹಿಂತಿರುಗುವುದರಿಂದ, ತಗ್ಗಿಸಿದ ದೀಪದಲ್ಲಿಯೇ ಸಾಗಿದೆವು.

ಇಳಿಜಾರಿನ ಮರ್ಮವನ್ನು ಗೃಹಿಣಿಯರಿಗೆ ತಿಳಿದ ಉದಾಹರಣೆಯಿಂದಲೇ ಹೇಳುವೆನು. ಸಂಸಾರವನ್ನೂ ಸಾಮಾನನ್ನೂ ಹೊತ್ತ ಕಾರಿನ ತೂಕ 1500 ಕಿಲೋ ಎಂದೂ, ಅದು 500 ಮೀಟರಿನಷ್ಟು ಎತ್ತರವನ್ನು ಇಳಿಯಿತೆಂದೂ ಇಟ್ಟುಕೊಳ್ಳೋಣ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿಯು 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹದಕ್ಕೆ ತರಲು ಸಾಕು. ಒಂದು ಹಂಡೆ ನೀರನ್ನು ಕಾಯಿಸುವಷ್ಟು ಶಾಖ! ಕಾಲು ಸದಾ ಬ್ರೇಕಿನ ಮೇಲೆಯೇ ಇದ್ದರೆ ಆ ಶಾಖದ ಬಹುಭಾಗವೂ ಅಂಗೈಯಗಲದ ಕೆಲವು ಬ್ರೇಕು ಪಟ್ಟಿಗಳಲ್ಲಿಯೇ ಹುಟ್ಟುತ್ತದೆ.

ಹೀಗೆ ಕಾದ ಬ್ರೇಕಿನಲ್ಲಿ ಎರಡು ಕೇಡುಗಳು ಹುಟ್ಟುತ್ತವೆ. ಮೊದಲನೆಯದಾಗಿ ಪಟ್ಟಿಯು ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಎರಡನೆಯದು ಇದಕ್ಕಿಂತ ಗೂಢವಾದುದು. ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಒಂದು ಬಗೆಯ ದ್ರವ. ಈ ಬ್ರೇಕು ಎಣ್ಣೆಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಸ್ವಭಾವವುಂಟು. ಇಂದು ಅನೇಕ ಕಾರುಗಳಲ್ಲಿ ಬಳಸುವ ಡಾಟ್ 4 ಎಂಬ ದರ್ಜೆಯ ಎಣ್ಣೆಯು ಹೊಸದಾಗಿರುವಾಗ 230 ಡಿಗ್ರಿಯವರೆಗಾದರೂ ಕುದಿಯದೆ ನಿಲ್ಲಬೇಕೆಂಬುದು ನಿಯಮ. ತೇವವನ್ನು ಹೀರಿದ ಮೇಲೆ ಆ ಮಿತಿಯು 155 ಡಿಗ್ರಿಗೆ ಇಳಿಯಬಹುದು. ಘಟ್ಟದಲ್ಲಿ ಆ ಶಾಖವು ಮುಟ್ಟಿತೆಂದರೆ ಎಣ್ಣೆಯೊಳಗೆ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಒತ್ತಿದರೆ ಕುಗ್ಗದು, ಆವಿಯು ಕುಗ್ಗುತ್ತದೆ. ಆಗ ಬ್ರೇಕನ್ನು ಎಷ್ಟು ತುಳಿದರೂ ಕಾಲು ಹತ್ತಿಯ ಮೂಟೆಯನ್ನು ತುಳಿದಂತೆ ಕೆಳಗಿಳಿಯುತ್ತದೆಯೇ ಹೊರತು ವಾಹನವು ನಿಲ್ಲುವುದಿಲ್ಲ. ಊರೊಳಗೆ ಓಡಾಡುವಾಗ ಈ ದೋಷವು ಗೊತ್ತಾಗುವುದೇ ಇಲ್ಲ. ಕಣಿವೆಯ ಅಂಚಿನಲ್ಲಿಯೇ ಗೊತ್ತಾಗುವುದು. ಆದಕಾರಣ ಈ ಎಣ್ಣೆಯನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ತಯಾರಕರು ವಿಧಿಸಿರುತ್ತಾರೆ.

ಮೋಟಾರಿನಲ್ಲಿ ಮೊಟ್ಟಮೊದಲು ದೂರ ಪ್ರಯಾಣ ಮಾಡಿದವರು ಒಬ್ಬ ತಾಯಿ ಮತ್ತು ಇಬ್ಬರು ಮಕ್ಕಳೆಂಬ ಸಂಗತಿಯು ವಾಚಕರಿಗೆ ಸ್ವಾರಸ್ಯವಾಗಿ ತೋರಬಹುದು. 1888ರ ಆಗಸ್ಟಿನಲ್ಲಿ ಜರ್ಮನಿಯ ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿನಲ್ಲಿದ್ದ ತನ್ನ ತವರಿಗೆ, ನೂರಕ್ಕೂ ಹೆಚ್ಚು ಕಿಲೋಮೀಟರು ದೂರ, ಬೆರ್ತಾ ಬೆಂಜ್ ಎಂಬಾಕೆಯು ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಚಕ್ರದ ಬಂಡಿಯಲ್ಲಿ, 15 ಮತ್ತು 13 ವರ್ಷದ ಗಂಡುಮಕ್ಕಳೊಡನೆ ಹೊರಟಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಇಂಧನವನ್ನು ಔಷಧದ ಅಂಗಡಿಯಲ್ಲಿ ಕೊಂಡಳು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುದನ್ನು ಕಂಡು, ಹಳ್ಳಿಯ ಚಮ್ಮಾರನಿಂದ ಅದಕ್ಕೆ ತೊಗಲನ್ನು ಹೊಡೆಯಿಸಿದಳು. ಮಕ್ಕಳನ್ನು ಕೂರಿಸಿಕೊಂಡು ಬೆಟ್ಟವನ್ನಿಳಿದ ಮೊದಲ ತಾಯಿಯು ಮೊದಲ ಪ್ರಯಾಣದಲ್ಲಿಯೇ ಕಂಡುಕೊಂಡ ಸತ್ಯವಿದು: ಇಳಿಯುವುದಕ್ಕೆ ಮುಂಚೆ ಬ್ರೇಕನ್ನು ನೋಡು.

ಘಟ್ಟದ ಅರ್ಧಕ್ಕೆ ಬಂದಾಗ, ರಸ್ತೆ ಸ್ವಲ್ಪ ಅಗಲವಾದ ಒಂದು ಕಡೆ, ಕಾರೊಂದು ಗುಡ್ಡದ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಮುಂದಿನ ಚಕ್ರಗಳಿಂದ ತೆಳುವಾದ ಹೊಗೆ. ರಬ್ಬರು ಸುಟ್ಟಂತಹ ಕಟುವಾದ ವಾಸನೆ. ಬಾನೆಟ್ಟಿನ ಮೇಲೆ ಆಯುಧಪೂಜೆಯ ಚೆಂಡುಹೂವಿನ ಹಾರವು ಇನ್ನೂ ಬಾಡಿರಲಿಲ್ಲ. ತಂದೆಯು ನೀರಿನ ಬಾಟಲಿಯನ್ನು ಹಿಡಿದು ಚಕ್ರದ ಮೇಲೆ ಸುರಿಯಲಿದ್ದರು. ತಾಯಿಯು ಎರಡು ಮಕ್ಕಳನ್ನೂ ಒಂದೇ ಕೊಡೆಯ ಕೆಳಗೆ ಅವುಚಿಕೊಂಡು ನಿಂತಿದ್ದರು.

ನಾವು ನಿಲ್ಲಿಸುವಷ್ಟರಲ್ಲಿ, ತರಕಾರಿಯನ್ನು ಇಳಿಸಿ ಘಟ್ಟವನ್ನು ಹತ್ತಿಬರುತ್ತಿದ್ದ ಸಣ್ಣ ವ್ಯಾನಿನ ಚಾಲಕನೊಬ್ಬನು ಆಗಲೇ ಇಳಿದು ಬಂದಿದ್ದನು. “ನೀರು ಹಾಕ್ಬೇಡಿ ಮಾರಾಯ್ರೆ! ಕಾದ ಕಬ್ಬಿಣ, ಸೀಳಿ ಹೋಗ್ತದೆ. ಅದರಷ್ಟಕ್ಕೆ ತಣಿಯಲಿ. ಯಾವ ಗೇರಿನಲ್ಲಿ ಇಳಿದ್ರಿ?” ಎಂದು ಕೇಳಿದನು.

“ನಾಲ್ಕನೆಯದರಲ್ಲಿ” ಎಂದರು ತಂದೆ.

“ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ಎಂಜಿನೇ ತಡೆದು ಹಿಡೀತದೆ. ಬ್ರೇಕು ಇರುವುದು ಆಗಾಗ ಮುಟ್ಟಲಿಕ್ಕೆ, ತುಳಿದುಕೊಂಡೇ ಇರಲಿಕ್ಕಲ್ಲ” ಎಂದು, ಬಗ್ಗಿ ಚಕ್ರದೊಳಗೆ ಟಾರ್ಚು ಹಾಕಿ ನೋಡಿ ತಲೆಯಾಡಿಸಿದನು. “ಗೇರಿನದ್ದು ಮಾತ್ರ ಅಲ್ಲ. ಪಟ್ಟಿ ಪೂರಾ ಮುಗಿದಿದೆ.”

ಆಗ ಆ ತಾಯಿಯು ಮೆಲ್ಲನೆ, “ಎರಡು ತಿಂಗಳಿಂದ ಕಿರುಗುಟ್ಟುತ್ತಿದೆ ಅಂತ ಹೇಳುತ್ತಲೇ ಇದ್ದೆನಲ್ಲ ರೀ” ಎಂದರು. ಆ ದನಿಯಲ್ಲಿ ಕೋಪವಿರಲಿಲ್ಲ. ಮಕ್ಕಳ ತಲೆಯ ಮೇಲಿದ್ದ ಕೈ ಮಾತ್ರ ನಡುಗುತ್ತಿತ್ತು. ತಂದೆಯು ಉತ್ತರ ಕೊಡಲಿಲ್ಲ.

ಆ ಕಿರುಗುಟ್ಟುವ ಸದ್ದು ಆಕಸ್ಮಿಕವಾದುದಲ್ಲ. ಅನೇಕ ಬ್ರೇಕು ಪಟ್ಟಿಗಳಲ್ಲಿ ಸಣ್ಣದೊಂದು ಲೋಹದ ನಾಲಗೆಯನ್ನು ಇಟ್ಟಿರುತ್ತಾರೆ. ಪಟ್ಟಿಯು ಸವೆದು ತೆಳ್ಳಗಾದಾಗ ಅದು ತಟ್ಟೆಗೆ ಉಜ್ಜಿ ಕೂಗುತ್ತದೆ. ಯಂತ್ರವು ತನ್ನ ಬಾಯಿಂದಲೇ ಹೇಳಿತ್ತು, ಮನೆಯಾಕೆಯೂ ಹೇಳಿದ್ದರು. ಹಬ್ಬದ ಕೆಲಸ, ಕಚೇರಿಯ ಕೆಲಸ, ಮುಂದಿನ ವಾರ ನೋಡೋಣವೆಂಬ ಉದಾಸೀನ: ಇವು ಯಾವ ಸಂಸಾರದಲ್ಲಿಲ್ಲ? ಸ್ವಲ್ಪ ಹೊತ್ತಿನಲ್ಲಿ ಸರ್ಕಾರದ ಕೆಂಪು ಬಸ್ಸು ಬಂದಿತು. ತಾಯಿಯನ್ನೂ ಮಕ್ಕಳನ್ನೂ ಅದರಲ್ಲಿ ಉಜಿರೆಗೆ ಕಳುಹಿಸಿದೆವು. ಘಟ್ಟದಲ್ಲಿ ಫೋನಿಗೆ ಸಿಗ್ನಲು ಸಿಕ್ಕಲಿಲ್ಲವಾಗಿ, ಕೆಳಗಿಳಿದೊಡನೆ ಉಜಿರೆಯ ಮೆಕ್ಯಾನಿಕ್ಕನಿಗೆ ತಿಳಿಸುವುದಾಗಿ ನಾವು ಮಾತು ಕೊಟ್ಟು ಹೊರಟೆವು. ಯಾರಿಗೂ ಒಂದು ಗೀರುಗಾಯವೂ ಆಗಲಿಲ್ಲವೆಂಬುದು ದೊಡ್ಡ ಭಾಗ್ಯ. ಎಂದೆಂದೂ ಭಾಗ್ಯವೇ ಕಾಯುವುದೆಂದು ನಂಬಿ ಘಟ್ಟವನ್ನಿಳಿಯುವುದು ಯುಕ್ತವಲ್ಲ.

ಘಟ್ಟದ ತಳದಲ್ಲಿ ಗಾಳಿಯು ಬೆಚ್ಚಗಾಗುತ್ತದೆ. ಅಡಕೆಯ ತೋಟಗಳೂ ಹೆಂಚಿನ ಮನೆಗಳೂ ಕಾಣಿಸಿಕೊಳ್ಳುತ್ತವೆ. ಮೃತ್ಯುಂಜಯಾ ನದಿಯು ಕಲ್ಲುಗಳ ಮೇಲೆ ಹರಿದು ನೇತ್ರಾವತಿಯನ್ನು ಸೇರಲು ಹೋಗುತ್ತಿರುತ್ತದೆ. ಉಜಿರೆಯಿಂದ ಧರ್ಮಸ್ಥಳಕ್ಕೆ ಸುಮಾರು 10 ಕಿಲೋಮೀಟರು. ನೇತ್ರಾವತಿಯ ಸ್ನಾನ, ದೇವರ ದರ್ಶನ, ಅನ್ನದಾನದ ಊಟ, 39 ಅಡಿ ಎತ್ತರದ ಬಾಹುಬಲಿಯ ದರ್ಶನಗಳನ್ನು ಮುಗಿಸಿ, ಮಕ್ಕಳ ಅಪೇಕ್ಷೆಯಂತೆ ಹಳೆಯ ಕಾರುಗಳ ಸಂಗ್ರಹವನ್ನು ನೋಡಲು ಹೋದೆವು. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿರುವ ಈ ಸಂಗ್ರಹದಲ್ಲಿ, ನಮ್ಮ ಅಜ್ಜಂದಿರ ಕಾಲದ ಮೋಟಾರುಗಳು ಕನ್ನಡಿಯಂತೆ ಹೊಳೆಯುತ್ತ ಸಾಲಾಗಿ ನಿಂತಿವೆ. ಅವುಗಳ ಜೊತೆಯಲ್ಲಿ ಹುಟ್ಟಿದ ಸಾವಿರಾರು ಕಾರುಗಳು ಎಂದೋ ಗುಜರಿಯಾಗಿ ಕರಗಿಹೋದುವು. ಲೋಹವು ಎರಡಕ್ಕೂ ಒಂದೇ, ವ್ಯತ್ಯಾಸವಾದುದು ಆರೈಕೆಯಲ್ಲಿ.

ಹಾಗಾದರೆ ತಾಯಿತಂದೆಗಳು ಮಾಡತಕ್ಕದ್ದೇನು? ಯಂತ್ರಶಾಸ್ತ್ರವನ್ನು ಕಲಿಯಬೇಕಾದುದಿಲ್ಲ. ಬಾವಿಯ ಹಗ್ಗ, ಮಾಡಿನ ಹೆಂಚು, ಅಡಿಗೆಮನೆಯ ಗ್ಯಾಸಿನ ಕೊಳವೆ ಇವುಗಳನ್ನು ಹೇಗೆ ಕಾಲಕಾಲಕ್ಕೆ ನೋಡುತ್ತೇವೆಯೋ ಹಾಗೆ ಕಾರನ್ನೂ ಮನೆಯ ಪಂಚಾಂಗಕ್ಕೆ ಸೇರಿಸಿಕೊಂಡರೆ ಸಾಕು. ವರ್ಷದಲ್ಲಿ ಎರಡು ದಿನಗಳು ಇದಕ್ಕೆ ಬಹಳ ಅನುಕೂಲವಾದುವು. ಒಂದು, ಮೇ ಕೊನೆಯಲ್ಲಿ ರೋಹಿಣಿಯ ಮಳೆ ಹುಟ್ಟುವ ಸಮಯ. ಜೂನ್ ಮೊದಲ ವಾರ ಕಳೆದು ಮೃಗಶಿರ ಬರುವುದರೊಳಗೆ ವೈಪರು, ಟೈರು, ದೀಪ, ಬ್ರೇಕು ಇವಿಷ್ಟನ್ನು ತೋರಿಸಿಬಿಡಬೇಕು. ಇನ್ನೊಂದು ಆಯುಧಪೂಜೆ. ಆ ದಿನ ಕಾರನ್ನು ತೊಳೆದು, ಕುಂಕುಮವಿಟ್ಟು, ಚಕ್ರದಡಿಗೆ ನಿಂಬೆಯ ಹಣ್ಣಿಡುವ ನಮ್ಮ ಪದ್ಧತಿಯು ಸುಂದರವಾದುದು. ಪೂಜೆಗೆ ಹಿಂದಿನ ವಾರ ಅದೇ ಚಕ್ರವನ್ನು ಬಿಚ್ಚಿಸಿ ಒಳಗಿನ ಪಟ್ಟಿಯನ್ನು ನೋಡಿಸಿದರೆ ಪೂಜೆಯೂ ಪೂರ್ಣವಾದಂತೆ.

ತಿಂಗಳಿಗೊಮ್ಮೆ ಗಾಳಿ, ಎಣ್ಣೆ, ನೀರು. ಎರಡು ವರ್ಷಕ್ಕೊಮ್ಮೆ ಬ್ರೇಕು ಎಣ್ಣೆ. ತಯಾರಕರ ಪುಸ್ತಕದಲ್ಲಿ ಹೇಳಿದ ಕಾಲಕ್ಕೆ ಮಿಕ್ಕ ಕೆಲಸಗಳು. ಕಾರು ಓಡಿದುದೇ ಕಡಮೆ, ಅದಕ್ಕೇನು ಆದೀತು ಎಂಬುದು ತಪ್ಪು ತಿಳಿವಳಿಕೆ. ನಿಂತ ಕಾರಿನಲ್ಲಿಯೂ ರಬ್ಬರು ಒಣಗುತ್ತದೆ, ಬ್ಯಾಟರಿ ಸೊರಗುತ್ತದೆ, ಬ್ರೇಕು ಎಣ್ಣೆ ತೇವವನ್ನು ಹೀರುತ್ತದೆ, ಇಲಿಗಳು ತಂತಿಗಳನ್ನು ಕಡಿಯುತ್ತವೆ. ಹೊಗೆಯ ಕೊಳವೆಯು ತುಕ್ಕುಹಿಡಿದು ತೂತಾಗಿದ್ದರೆ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯುವು ಒಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳು ನಿದ್ರಿಸುತ್ತಿದ್ದಾರೆಂದೇ ದೊಡ್ಡವರು ಭಾವಿಸಿರುತ್ತಾರೆ. ಕಾರಿನ ಸದ್ದು ಬದಲಾಯಿತೆಂದರೆ ಆ ಕೊಳವೆಯನ್ನು ತಡಮಾಡದೆ ತೋರಿಸತಕ್ಕದ್ದು. ಎಂಜಿನು ನಡೆಯುತ್ತಿರುವಾಗ ಮುಚ್ಚಿದ ಕಾರಿನಲ್ಲಿ ಮಲಗುವ ಅಭ್ಯಾಸವಂತೂ ಕೂಡದು.

ಸೀಟುಪಟ್ಟಿಯೂ ಕಾರಿನ ಅಂಗವೇ. ಹಿಂದಿನ ಆಸನದ ಪಟ್ಟಿಗಳು ದಿಂಬಿನ ಸಂದಿಯಲ್ಲಿ ಹೂತುಹೋಗಿ, ಕೊಂಡಿ ಸಿಕ್ಕದೆ ಇರುವುದನ್ನು ಎಷ್ಟೋ ಮನೆಗಳ ಕಾರುಗಳಲ್ಲಿ ನೋಡಬಹುದು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಪಟ್ಟಿಯಿಂದಾಗಲಿ ಮಕ್ಕಳ ಪ್ರತ್ಯೇಕ ಆಸನದಿಂದಾಗಲಿ ಭದ್ರಪಡಿಸದೆ ಕರೆದೊಯ್ಯುವುದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 1000 ರೂಪಾಯಿ ದಂಡಕ್ಕೆ ಗುರಿಯಾಗುವ ಅಪರಾಧ. ದಂಡವು ಕೇವಲ ನೆಪ. ತಿರುವಿನಲ್ಲಿ ಮಗುವನ್ನು ಹಿಡಿದಿಡಲು ತಾಯಿಯ ತೋಳಿನ ಬಲವೂ ಸಾಲದೆಂಬುದು ಅದರ ಹಿಂದಿರುವ ಕಾರಣ.

ಇವೆಲ್ಲಕ್ಕೂ ಹಣ ಬೇಕಲ್ಲವೇ ಎಂದು ಕೇಳಬಹುದು. ಬೇಕು. ಕಾರು ಕೊಳ್ಳುವಾಗ ಕಂತನ್ನು ಲೆಕ್ಕಹಾಕುವಂತೆಯೇ ಅದರ ಆರೈಕೆಗೂ ತಿಂಗಳು ತಿಂಗಳು ಒಂದಿಷ್ಟನ್ನು ತೆಗೆದಿಡುವುದು ಗೃಹಸ್ಥಧರ್ಮಕ್ಕೆ ಸೇರಿದುದು. ಸವೆದ ಪಟ್ಟಿಯನ್ನು ಕಾಲಕ್ಕೆ ಬದಲಾಯಿಸಿದರೆ ಪಟ್ಟಿಯ ಬೆಲೆಯಷ್ಟೇ. ಬಿಟ್ಟರೆ ಅದು ತಟ್ಟೆಯನ್ನೂ ತಿನ್ನುತ್ತದೆ. ಒಂದು ವೇಳೆ ಈ ತಿಂಗಳು ಕೈಯಲ್ಲಿ ಹಣವಿಲ್ಲವೆಂದಾದರೆ, ಯಾತ್ರೆಯನ್ನು ಮುಂದಿನ ತಿಂಗಳಿಗೆ ಹಾಕಿಕೊಳ್ಳಬಹುದು, ಅಥವಾ ಬಸ್ಸಿನಲ್ಲಿ ಹೋಗಬಹುದು. ದೇವರು ಬಸ್ಸಿನಲ್ಲಿ ಬಂದವರಿಗೂ ದರ್ಶನ ಕೊಡುತ್ತಾನೆ.

ಕೊನೆಯದಾಗಿ ಒಂದು ಮಾತು. ಈ ಕೆಲಸವನ್ನು ತಂದೆಯೊಬ್ಬನ ಪಾಲಿಗೆ ಬಿಡದೆ ಮನೆಮಂದಿಯೆಲ್ಲ ಹಂಚಿಕೊಳ್ಳಬೇಕು. ಕಾರಿನಲ್ಲಿ ಹೊಸ ಸದ್ದೊಂದು ಕೇಳಿಸಿತೆಂದು ಮನೆಯಲ್ಲಿ ಯಾರೇ ಹೇಳಲಿ, ಹೆಂಡತಿಯಾಗಲಿ, ಮುದುಕಿಯಾದ ಅತ್ತೆಯಾಗಲಿ, ಎಂಟು ವರ್ಷದ ಮಗುವಾಗಲಿ, ಅದನ್ನು ಆ ವಾರವೇ ತೋರಿಸುವುದೆಂಬ ಒಂದು ನಿಯಮವನ್ನು ಮಾಡಿಕೊಂಡರೆ ಅರ್ಧ ಅಪಾಯಗಳು ಬಾಗಿಲಲ್ಲಿಯೇ ತಡೆದಂತಾಗುವುವು. ಎಣ್ಣೆಯ ಕಡ್ಡಿಯನ್ನು ನೋಡಲು ಕಲಿತ ಮಗುವು ನಾಳೆ ತನ್ನ ಮಕ್ಕಳನ್ನು ಕೂರಿಸಿಕೊಂಡು ಹೊರಡುವಾಗಲೂ ಅದನ್ನು ನೋಡಿಯೇ ಹೊರಡುವುದು. ಮುಂದಿನ ರಜೆಯಲ್ಲಿ ಚಾರ್ಮಾಡಿಯನ್ನು ಇಳಿಯಲಿರುವ ಸಂಸಾರಗಳಿಗೆ ಜಲಪಾತಗಳು ತುಂಬಿರಲಿ, ಮಂಜು ಹಿತವಾಗಿರಲಿ, ಕೊಟ್ಟಿಗೆಹಾರದ ದೋಸೆ ಬಿಸಿಯಾಗಿರಲಿ. ಬ್ರೇಕು ಮಾತ್ರ ತಣ್ಣಗಿರಲಿ.